ಮೊದಲ ಎಳೆತದ ಪಟ್ಟಿ

ಫೆಬ್ರವರಿ 6

ಪುಟ್ಟಿಗೆ,

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಾಗೇ ಗೋಡೆಗೆ ಒರಗಿದ್ದೆ, ಕೆಟ್ಟ ಕನಸು ಬಿತ್ತು. ನೀನು ಉದ್ದನೆಯ ಮೇಜಿನ ಮುಂದೆ ನಿಂತಿದ್ದೀಯ. ಆಚೆ ಕಡೆ ಕೋಟು ಹಾಕಿದವರು ಸಾಲಾಗಿ ಕೂತಿದ್ದಾರೆ. ನಾನು ಕರಿ ಪೇಸ್ಟು ಬಳಿದು ಕಳಿಸಿದ ತಾಮ್ರದ ಪಟ್ಟಿಯನ್ನು ನೀನು ಬಿಚ್ಚಿ ಎತ್ತಿ ಹಿಡಿದೆ. ಕಪ್ಪೆಲ್ಲ ಮಸಿಯ ಹಾಗೆ ಉದುರಿ ಮೇಜಿನ ಮೇಲೆ ಬಿತ್ತು. ಉಳಿದದ್ದು ಬರೀ ತಾಮ್ರ, ಅದರಲ್ಲಿ ಅವರ ಮುಖಗಳು ಕಂಡವು. ನೀನು ನನ್ನ ಕಡೆ ತಿರುಗಿ "ಮಾವ, ಇದರಲ್ಲಿ ಏನೂ ಇಲ್ವಲ್ಲ" ಅಂದೆ. ಎದ್ದಾಗ ಬೆನ್ನೆಲ್ಲ ಬೆವರು.

ಅಕ್ಕನಿಗೆ ಹೇಳಿದರೆ ನಿಮ್ಮಮ್ಮ ಏನಂದಳು ಗೊತ್ತಾ? "ಕನಸಲ್ಲೂ ಕೆಲಸ ಕೆಡೋದು ನಿನ್ನ ಕೈಯಿಂದಲೇನಾ? ಬೇರೆಯವರಿಗೂ ಒಂದು ಅವಕಾಶ ಕೊಡೋ" ಅಂದಳು. ಅವಳಿಗೆ ನಗು.

ಈ ಪೆಟ್ಟಿಗೆಯಲ್ಲಿ ಹದಿನಾಲ್ಕನೇ ಪಟ್ಟಿ ಇದೆ. ನೀನು ಹೊಸದಾಗಿ ಹೇಳಿಕೊಟ್ಟ ಪುಡಿಯಿಂದ ಮಾಡಿದ ಮೊದಲನೆಯದು. ಈ ಕಾಗದವನ್ನು ಬೇರೆ ಚೀಲಕ್ಕೆ ಹಾಕಿ ಬಾಯಿ ಅಂಟಿಸಿದ್ದೇನೆ, ಅದರ ತೇವ ಪಟ್ಟಿಗೆ ತಾಗಬಾರದಲ್ಲ. ಫೋನಿನಲ್ಲೇ ಹೇಳಬಹುದಲ್ಲ ಮಾವ ಅನ್ನುತ್ತೀಯ. ಫೋನು ಹಿಡಿದರೆ ನಿನ್ನ ಲ್ಯಾಬಿನ ಯಂತ್ರಗಳ ಗುಯ್ ಸದ್ದಿಗೆ ನನ್ನ ಬಾಯಿ ಕಟ್ಟುತ್ತದೆ. ಬರೆಯುವಾಗ ನಿಧಾನ ಮಾಡಬಹುದು. ಆರನೇ ಕ್ಲಾಸಿಗೆ ಮೂರು ಸಲ ಸೇರಿ ಮೂರು ಸಲ ಬಿಟ್ಟವನ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಾನು ಕೆಲಸದಲ್ಲಿದ್ದಾಗ ನಮ್ಮಲ್ಲಿ ಸಾಮಾನು ಕೊಡುವ ಸ್ಟೋರಿನವನು ಬಂದು, "ಏನ್ರೀ ಇದು ಕರಿ ಪೇಸ್ಟು, ಬೂಟ್ ಪಾಲೀಷಾ?" ಅಂದ. ನೀನು ಹೇಳಿದ್ದನ್ನು ನನ್ನ ಹಳೇ ಕೆಲಸದ ಮಾತಿನಲ್ಲಿ ಹೇಳಿದೆ. ನಮ್ಮ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಹಸಿ ಇಂಕಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಂಡು ಇಟ್ಟಿಗೆಯಾಗುತ್ತಿದ್ದವು. ಅದಕ್ಕೆ ನಡುನಡುವೆ ರದ್ದಿ ಕಾಗದ ಇಡುತ್ತಿದ್ದೆವು. ಇದೂ ಹಾಗೇ. ಈ ಪುಡಿಯ ಒಳಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಹಾಳೆಗಳು, ನಡುವೆ ಇಂಗಾಲದ ಇನ್ನೊಂದು ಜಾತಿಯ ಹಾಳೆ, ಒಂದಕ್ಕೊಂದು ಅಂಟದ ಹಾಗೆ. ಸಂದು ಉಳಿದರೆ ಲಿಥಿಯಂ ಸರಸರ ಒಳಗೆ ಹೋಗಿ ಕೂರುತ್ತದೆ, ಬ್ಯಾಟರಿ ಬೇಗ ತುಂಬುತ್ತದೆ. ಸರಿಯಾಗಿ ಹೇಳಿದೆನಾ?

ಅವನು ಎಲ್ಲ ಕೇಳಿ, "ಇದೆಲ್ಲ ಮಾರ್ಚಿಗೆ ಮುಚ್ಚತ್ತಂತೆ, ನಿಮಗೆ ಯಾರೂ ಹೇಳಿಲ್ವಾ?" ಅಂದ. ಆಗಷ್ಟೇ ಪಟ್ಟಿಗಳನ್ನು ಒಣಗಿಸುವ ಒಲೆಯಿಂದ ತೆಗೆಯುತ್ತಿದ್ದೆ. ಅವನ ಮುಖ ನೋಡುತ್ತಲೇ ಉಳಿದ ಕೆಲಸ ಮುಗಿಸಿದೆ. ನಿಜವಾ ಪುಟ್ಟಿ?

ನಿನ್ನ ಮಾವ


ಫೆಬ್ರವರಿ 19

ಗಾಬರಿ ಮಾವನಿಗೆ,

ಮೊದಲು ಕೂತುಕೋ. ನೀರು ಕುಡಿ. ಆಮೇಲೆ ಓದು.

ಐದು ನಿಮಿಷ. ನಿನ್ನ ಹದಿನಾಲ್ಕನೇ ಪಟ್ಟಿಯಿಂದ ಹನ್ನೆರಡು ಬಿಲ್ಲೆ ಕತ್ತರಿಸಿ ವಾಚಿನ ಸೆಲ್ಲಿನ ಅಳತೆಯ ಹನ್ನೆರಡು ಸೆಲ್ ಮಾಡಿದೆ. ಹನ್ನೆರಡೂ ಐದೇ ನಿಮಿಷದಲ್ಲಿ ತುಂಬಿದವು. ಹಳೇ ಪುಡಿಯದ್ದಕ್ಕೆ ನಲವತ್ತು ನಿಮಿಷ ಬೇಕಾಗಿತ್ತು, ಜ್ಞಾಪಕ ಇದೆಯಾ? ನಾವು ಲೆಕ್ಕ ಹಾಕಿದ್ದು ಹತ್ತರ ಆಸುಪಾಸು. ಪಕ್ಕದ ಬೆಂಚಿನವಳು ಬಂದು ಪರದೆ ನೋಡಿ, "ನಿನ್ನ ಯಂತ್ರ ಕೆಟ್ಟಿದೆ, ರಿಪೇರಿಯವರನ್ನ ಕರಿ" ಅಂದು ಹೋದಳು. ಅದು ಹೊಟ್ಟೆಕಿಚ್ಚು. ನನಗಂತೂ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಡ.

ಸ್ಟೋರಿನವನು ಹೇಳಿದ್ದು ಅರ್ಧ ನಿಜ. ಮಾರ್ಚ್ 28ಕ್ಕೆ ನಮಗೆ ದುಡ್ಡು ಕೊಡುವ ಸಮಿತಿ ಕೂರುತ್ತದೆ. ಈ ಬ್ಯಾಟರಿ ಕೆಲಸ ಮುಂದುವರಿಸಬೇಕೋ ಮುಚ್ಚಬೇಕೋ ಅಂತ ಅವತ್ತೇ ತೀರ್ಮಾನ. ಮುಚ್ಚಿದರೆ ನನ್ನ ಕೆಲಸವೂ ಇಲ್ಲ, ನಿನ್ನದೂ ಇಲ್ಲ. ನಮ್ಮ ಬ್ಯಾಟರಿಯನ್ನು ಬಸ್ಸಿಗೆ ಹಾಕಬೇಕೆಂದಿರುವ ಬಸ್ ಕಂಪನಿಯವರು ಕೇಳಿರುವುದು ಹದಿನೈದು ನಿಮಿಷ. ಬಸ್ಸು ನಿಂತು, ಚಾಲಕ ಟೀ ಕುಡಿದು ಕೈಕಾಲು ಆಡಿಸಿ ಬರುವಷ್ಟು ಹೊತ್ತು. ನಾವು ಐದು ತೋರಿಸಿದರೆ ಮುಚ್ಚುವ ಮಾತೇ ಏಳುವುದಿಲ್ಲ. ನಮ್ಮ ಲ್ಯಾಬಿನ ದೊಡ್ಡ ಮೇಡಂಗೆ ಸಂಖ್ಯೆ ಕಳಿಸಿದೆ. ಅವರು ಅದನ್ನು ಸಮಿತಿಗೂ ಕಳಿಸಿದ್ದಾರೆ.

ಒಂದೇ ಪ್ರಶ್ನೆ. ಈ ಸಲ ಬೇರೆ ಏನಾದರೂ ಮಾಡಿದೆಯಾ, ಅಥವಾ ಯಾವಾಗಲೂ ಮಾಡುವ ಹಾಗೇನಾ?

ನಿನ್ನ ಪುಟ್ಟಿ

ಅಮ್ಮನಿಗೆ ಹೇಳು, ಕನಸಿನಲ್ಲಿ ಕೆಡಿಸಿದವನು ಎಚ್ಚರದಲ್ಲಿ ಗೆದ್ದಿದ್ದಾನೆ ಅಂತ.


ಮಾರ್ಚ್ 2

ಪುಟ್ಟಿಗೆ,

ನಿನ್ನ ಕಾಗದ ಬಂದ ದಿನ ಅಕ್ಕ ಅದನ್ನು ಮೂರು ಸಲ ಗಟ್ಟಿಯಾಗಿ ಓದಿಸಿದಳು. ಕೆಳಮನೆಯವರಿಗೂ ಕೇಳಲಿ ಅಂತ ಕಿಟಕಿ ತೆಗೆದಿಟ್ಟಳು. ನನಗೂ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಹದಿನೈದನೇ ಪಟ್ಟಿ ಇನ್ನೂ ಒಲೆಯಲ್ಲಿದೆ. ಚಳಿ ಕಡಿಮೆಯಾಗಿದೆ. ನಮ್ಮ ಕೋಣೆಯ ತೇವ ಅಳೆಯುವ ಮುಳ್ಳು ಸರಿಯಾಗಿಯೇ ಇದೆ. ತಿಂಗಳ ಕೊನೆಯಲ್ಲವಾ, ಮೊನ್ನೆ ರದ್ದಿ ಡಬ್ಬಿ ಖಾಲಿ ಮಾಡಿದೆ, ತಾಮ್ರದ ಚೂರುಗಳನ್ನು ಸ್ಟೋರಿಗೆ ಕೊಡಬೇಕು. ಅದರಲ್ಲಿ...

ಅದಿರಲಿ. ಅಕ್ಕನ ಮಂಡಿನೋವು ವಾಸಿ.

ಪುಟ್ಟಿ, ಆ ಬಿಲ್ಲೆಗಳನ್ನು ಒಂದೊಂದನ್ನೂ ತೂಗಿದೆಯಾ? ತೂಗಿಯೇ ಇರುತ್ತೀಯ, ನನಗೆ ಗೊತ್ತು. ಸುಮ್ಮನೆ ಕೇಳಿದೆ. ಕೈಯಲ್ಲಿ ಹಿಡಿದಾಗ ಹೇಗಿದ್ದವು, ಹಳೆಯವುಗಳ ಹಾಗೇ ದಪ್ಪ ಅನಿಸಿತಾ? ಸಂಖ್ಯೆ ಆಗಲೇ ಸಮಿತಿಗೆ ಹೋಗಿಬಿಟ್ಟಿತಾ? ಹೋದದ್ದನ್ನು ವಾಪಸ್ ತರಿಸಬಹುದಾ, ಹಾಗೆ ಯಾರಾದರೂ ಮಾಡುತ್ತಾರಾ?

ನೀನು ಕೇಳಿದ್ದಕ್ಕೆ ಉತ್ತರ: ಯಾವಾಗಲೂ ಮಾಡುವ ಹಾಗೇ ಮಾಡಿದೆ.

ನಿನ್ನ ಮಾವ


ಮಾರ್ಚ್ 11

ಮಾವನಿಗೆ,

ನಿನ್ನ ಕಾಗದ ಓದಿ ನಕ್ಕೆ, ಆಮೇಲೆ ಸ್ವಲ್ಪ ಬೇಜಾರೂ ಆಯಿತು. ಒಳ್ಳೆಯ ಸುದ್ದಿ ಕೊಟ್ಟರೂ ಅದಕ್ಕೊಂದು ಚಿಂತೆಯ ಬಾಲ ಕಟ್ಟಿ ವಾಪಸ್ ಕಳಿಸುತ್ತೀಯ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ತಾನೇ? ಅದನ್ನು ನೇರವಾಗಿ ಹೇಳಿದರೆ ಏನಾಗುತ್ತಿತ್ತು? ನಿನ್ನ ಪಟ್ಟಿಯ ದಪ್ಪದ ಮೇಲೆ ನಿನಗೇ ಅನುಮಾನ ಬರುವಷ್ಟು ಕಣ್ಣು ಮಂಜಾಗಿದೆಯಾ? ಹಾಗಿದ್ದರೆ ಕನ್ನಡಕ ಬದಲಾಯಿಸು. ತಿಂಗಳ ಹಿಂದೆಯೇ ಹೇಳಿದ್ದೆ.

ತೂಕದ ವಿಷಯ ನನಗೆ ಬಿಡು. ಇಲ್ಲಿಯ ತಕ್ಕಡಿ ಸರಿಪಡಿಸಿ ವರ್ಷವಾಗಿದೆ, ಅದು ಹೇಳಿದ್ದನ್ನೆಲ್ಲ ನಂಬಲಾಗುವುದಿಲ್ಲ. ನಿನ್ನ ಕೈ ಒಂದೇ ಸಮ, ಹದಿಮೂರು ಪಟ್ಟಿಗಳ ತೂಕ ಒಂದೇ ಬಂದಿದೆ, ಹದಿನಾಲ್ಕನೆಯದಕ್ಕೂ ಅದನ್ನೇ ಬರೆದುಕೊಂಡಿದ್ದೇನೆ. ಹೋದ ಸಂಖ್ಯೆಯನ್ನು ಯಾರೂ ವಾಪಸ್ ತರಿಸುವುದಿಲ್ಲ. ಯಾಕೆ ತರಿಸಬೇಕು?

ಇಪ್ಪತ್ತೆಂಟು ಕಳೆಯಲಿ. ನಿನ್ನ ಕೆಲಸ ಎರಡು ವರ್ಷಕ್ಕೆ ಗಟ್ಟಿ ಅಂತ ದೊಡ್ಡ ಮೇಡಂ ಬಾಯಿಬಿಟ್ಟು ಹೇಳಿದ್ದಾರೆ. ಇನ್ನು ಸಮಿತಿಯವರೆಗೆ ನನಗೆ ಉಸಿರಾಡಲೂ ಪುರುಸೊತ್ತಿಲ್ಲ.

ಪುಟ್ಟಿ


ಮಾರ್ಚ್ 15

ಪುಟ್ಟಿಗೆ,

ಈ ಕಾಗದವನ್ನು ನಾಲ್ಕನೇ ಸಲ ಬರೆಯುತ್ತಿದ್ದೇನೆ. ಮೊದಲ ಮೂರನ್ನು ಹರಿದೆ. ಅಕ್ಕ ಬುಟ್ಟಿ ನೋಡಿ, "ಯಾರಿಗೋ ಇದು, ಯಾವ ಹುಡುಗಿಗೆ?" ಅಂದಳು. ನನಗೆ ನಗು ಬರಲಿಲ್ಲ. ಆಗ ಅವಳು ಎದುರಿಗೆ ಕೂತಳು. ಅವಳಿಗೆ ಹೇಳಿದ್ದನ್ನೇ ನಿನಗೆ ಹೇಳುತ್ತೇನೆ.

ನಿನಗೆ ಗೊತ್ತಿಲ್ಲದ ಒಂದು ಅಭ್ಯಾಸ ನನಗಿದೆ. ಪ್ರಿಂಟಿಂಗ್ ಅಂಗಡಿಯಲ್ಲಿ ನಮ್ಮ ಮೇಸ್ತ್ರಿ, "ಮೊದಲ ಎಳೆತ ರದ್ದಿಗೆ" ಅನ್ನುತ್ತಿದ್ದರು. ಇಂಕಿನಲ್ಲಿ ಗಂಟಿದೆಯಾ, ಕಸ ಇದೆಯಾ ಅಂತ ತಿಳಿಯುವುದಕ್ಕೆ ಹಾಳೆಯ ಮೇಲೆ ಇಂಕನ್ನು ತೆಳ್ಳಗೆ ಒಂದು ಸಲ ಎಳೆದು, ಆ ಹಾಳೆಯ ಮೂಲೆ ಮಡಚಿ, ಬಿಸಾಡುವುದು. ಆಮೇಲೆ ನಿಜವಾದ ಎಳೆತ. ಇಲ್ಲಿಗೆ ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ತಾಮ್ರದ ಹಾಳೆಯ ಮೇಲೆ ಪೇಸ್ಟು ಸುರಿದು, ಅದನ್ನು ಎಳೆಯುವ ಬ್ಲೇಡಿನ ಕೆಳಗಿನ ಸಂದನ್ನು ಅರ್ಧಕ್ಕೆ ಇಳಿಸಿ, ಒಂದು ತೆಳು ಪಟ್ಟಿ ಎಳೆಯುತ್ತೇನೆ. ಮೂಲೆ ಮಡಚುತ್ತೇನೆ. ಆಮೇಲೆ ನೀನು ಹೇಳಿದ ಅಳತೆಗೆ ಏರಿಸಿ ನಿನ್ನ ಪಟ್ಟಿ ಎಳೆಯುತ್ತೇನೆ. ಎರಡನ್ನೂ ಒಟ್ಟಿಗೆ ಒಣಗಿಸುತ್ತೇನೆ, ಒಣಗಿದಾಗ ಬಿರುಕು ಬಿಟ್ಟರೆ ತೆಳ್ಳಗಿನದು ಮೊದಲು ಹೇಳುತ್ತದೆ. ಆಮೇಲೆ ಮೂಲೆ ಮಡಚಿದ್ದು ರದ್ದಿ ಡಬ್ಬಿಗೆ. ನೀನು ಬರೆದುಕೊಟ್ಟ ಚೀಟಿಯಲ್ಲಿ ಇದಿಲ್ಲ. ಪೇಸ್ಟು ದಂಡ ಮಾಡ್ತೀಯ ಅಂತ ಬೈಯುತ್ತೀಯ ಅಂತ ಹೇಳಿರಲಿಲ್ಲ.

ಹದಿನಾಲ್ಕನೇ ಪಟ್ಟಿಯ ದಿನ ಮಾತ್ರ ಮೂಲೆ ಮಡಚುವುದನ್ನು ಒಲೆಯಿಂದ ತೆಗೆದ ಮೇಲೆ ಮಾಡೋಣ ಅಂತ ಬಿಟ್ಟಿದ್ದೆ. ತೆಗೆಯುವ ಹೊತ್ತಿಗೆ ಸ್ಟೋರಿನವನು ಬಂದು ಮುಚ್ಚುವ ಸುದ್ದಿ ಹೇಳಿದ. ಅವನ ಮುಖ ನೋಡುತ್ತಾ ಕೈಗೆ ಸಿಕ್ಕಿದ ಪಟ್ಟಿಯ ಮೂಲೆ ಮಡಚಿದೆ. ಅದು ನಿನ್ನದು. ಡಬ್ಬಿಗೆ ಹೋದದ್ದು ನಿನ್ನ ಪಟ್ಟಿ. ನಿನಗೆ ಬಂದದ್ದು ರದ್ದಿ.

ತಿಂಗಳ ಕೊನೆಗೆ ಡಬ್ಬಿ ಸುರಿದಾಗ ಗೊತ್ತಾಯಿತು. ಎಲ್ಲ ತೆಳ್ಳಗಿನವುಗಳ ನಡುವೆ ಒಂದು ದಪ್ಪಗಿನದು. ಉಗುರಲ್ಲಿ ಕೆರೆದು ನೋಡಿದೆ. ಅಲ್ಲೇ ಸ್ಟೂಲಿನ ಮೇಲೆ ಕೂತೆ.

ತೆಳ್ಳಗಿನದು ಬೇಗ ತುಂಬುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅರ್ಧ ಲೋಟ ತುಂಬಲು ಅರ್ಧ ಹೊತ್ತು. ನಿನ್ನ ಐದು ನಿಮಿಷ ನನ್ನ ಮೇಸ್ತ್ರಿಯ ರದ್ದಿ ಎಳೆತದ್ದು.

ಎರಡು ವಾರ ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ನಿನ್ನ ಹೆಸರು ಹೋಗುತ್ತದೆ. ಅಕ್ಕನನ್ನು ಕೇಳಿದೆ, "ಏನು ಮಾಡಲಿ?" ಅವಳು ಹರಿದ ಕಾಗದದ ಬುಟ್ಟಿಯನ್ನು ಬದಿಗೆ ಸರಿಸಿ, "ನಾಳೆ ಆ ಬಸ್ಸಿನವರು ದಪ್ಪಗೆ ಮಾಡಿಸಿ ಐದು ನಿಮಿಷಕ್ಕೆ ತುಂಬದಿದ್ದರೆ ಯಾರನ್ನ ಕೇಳ್ತಾರೆ? ನಿನ್ನನ್ನಲ್ಲ. ಅವಳನ್ನ. ಬರಿ" ಅಂದಳು.

ನಿನ್ನ ನಿಜವಾದ ಪಟ್ಟಿ ಈ ಪೆಟ್ಟಿಗೆಯಲ್ಲಿದೆ. ಡಬ್ಬಿ ಇದ್ದದ್ದು ಒಣ ಬೀರುವಿನಲ್ಲೇ, ತೇವ ತಾಗಿಲ್ಲ. ಆದರೂ ಇನ್ನೊಂದು ಸಲ ಒಲೆಯಲ್ಲಿಟ್ಟು ತೆಗೆದಿದ್ದೇನೆ. ಮಡಚಿದ ಮೂಲೆಯನ್ನು ಕತ್ತರಿಸಬೇಡ, ಅಲ್ಲಿ ಲೇಪ ಬಿರುಕು ಬಿಟ್ಟಿದೆ.

ತಪ್ಪಾಯಿತು ಮಗಳೇ.

ಮಾವ


ಮಾರ್ಚ್ 24

ಪುಟ್ಟಿಗೆ,

ಖಾಲಿ ಪೆಟ್ಟಿಗೆ ನಿನ್ನೆ ವಾಪಸ್ ಬಂತು. ಒಳಗೆ ಕಾಗದ ಇರಲಿಲ್ಲ. ತೇವ ಹೀರುವ ಪುಟ್ಟ ಚೀಲಗಳನ್ನೂ ಒಂದೊಂದಾಗಿ ಎತ್ತಿ ನೋಡಿದೆ. ಪೆಟ್ಟಿಗೆ ತಂದ ವ್ಯಾನಿನವನು, "ಏನ್ ಕಳ್ಕೊಂಡ್ರಿ ಯಜಮಾನ್ರೇ?" ಅಂದ. ಏನೂ ಇಲ್ಲಪ್ಪ ಅಂದೆ.

ಅಕ್ಕ ಫೋನು ಮಾಡಿದಳಂತೆ, ನೀನು "ಆಮೇಲೆ ಮಾತಾಡ್ತೀನಮ್ಮ" ಅಂದು ಇಟ್ಟೆಯಂತೆ. ನನ್ನ ಬಗ್ಗೆ ಏನೂ ಕೇಳಲಿಲ್ಲವಂತೆ. "ಅವಳು ಕೋಪ ಮಾಡ್ಕೊಂಡಿಲ್ಲ, ಕೋಪ ಬಂದರೆ ಅವಳು ಜಾಸ್ತಿ ಮಾತಾಡ್ತಾಳೆ" ಅಂದಳು. ಅದು ಸಮಾಧಾನವೋ ಏನೋ ಗೊತ್ತಾಗಲಿಲ್ಲ.

ಹದಿನೈದನೇ ಪಟ್ಟಿ ಯಾವಾಗಲೋ ಒಣಗಿ ಬೀರುವಿನಲ್ಲಿ ಕೂತಿದೆ. ಕಳಿಸಲೋ ಬೇಡವೋ? ಕಳಿಸಬೇಡ ಅಂದರೆ ಹಾಗಂತ ಒಂದು ಸಾಲು ಬರೆ. ಕೆಲಸ ಬಿಡು ಅಂದರೂ ಬಿಡುತ್ತೇನೆ. ಸುಮ್ಮನೆ ಮಾತ್ರ ಇರಬೇಡ.

ಮಾವ


ಮಾರ್ಚ್ 30

ಮಾವ,

ನಿನ್ನ ಮಾರ್ಚ್ 15ರ ಕಾಗದ ಓದಿಯೂ ಪೆಟ್ಟಿಗೆಯನ್ನು ಖಾಲಿ ಕಳಿಸಿದೆ. ನಿನ್ನ ಮೇಲಿನ ಕೋಪಕ್ಕಲ್ಲ. ನಿನಗೆ ಬರೆಯಲು ಕೂತರೆ ನನ್ನದನ್ನೂ ಬರೆಯಬೇಕಾಗಿತ್ತು, ಅದಕ್ಕೆ ಬರೆಯಲಿಲ್ಲ.

ನಾನು ಆ ಬಿಲ್ಲೆಗಳನ್ನು ತೂಗಿದ್ದೆ. ಹನ್ನೆರಡನ್ನೂ. ಹನ್ನೆರಡೂ ಅರ್ಧ ತೂಕವೇ ತೋರಿಸಿದವು. ಒಂದು ಬಿಲ್ಲೆಯಾದರೆ ತಕ್ಕಡಿಯ ತಪ್ಪು ಅನ್ನಬಹುದು. ಹನ್ನೆರಡಕ್ಕೆ? ಸೆಲ್ಲುಗಳು ಹಿಡಿದ ಒಟ್ಟು ಚಾರ್ಜೂ ಅರ್ಧವೇ ಇತ್ತು. ಎರಡೂ ಕಣ್ಣೆದುರಿಗಿತ್ತು. ಸಮಿತಿ ಹತ್ತಿರ ಬಂದಿತ್ತು, ಐದು ಅನ್ನುವ ಸಂಖ್ಯೆ ಅಷ್ಟು ಚೆನ್ನಾಗಿತ್ತು, ತಕ್ಕಡಿಯೇ ಕೆಟ್ಟಿದೆ ಅಂತ ತೀರ್ಮಾನಿಸಿ ಹಳೇ ತೂಕ ಬರೆದುಬಿಟ್ಟೆ. ನೀನು "ತೂಗಿದೆಯಾ" ಅಂತ ಕೇಳಿದಾಗ ನಿನ್ನ ಕನ್ನಡಕದ ಬಗ್ಗೆ ಬರೆದೆ. ಕಾಣದೆ ಇದ್ದದ್ದು ನಿನಗಲ್ಲ.

ಆ ಕಾಗದ ಓದಿದ ಮರುದಿನ ನಿನ್ನ ದಪ್ಪ ಪಟ್ಟಿಯಿಂದ ಬಿಲ್ಲೆ ಕತ್ತರಿಸಿದೆ. ಮೂಲೆ ಬಿಟ್ಟೆ. ಎರಡು ತಕ್ಕಡಿಯಲ್ಲಿ ತೂಗಿದೆ, ಪಕ್ಕದ ಬೆಂಚಿನವಳನ್ನು ಕರೆದು ಅವಳ ಕೈಯಲ್ಲೂ ತೂಗಿಸಿದೆ. "ಈಗಲಾದರೂ ಬುದ್ಧಿ ಬಂತಲ್ಲ" ಅಂದಳು. ಪೂರ್ತಿ ತೂಕ, ಪೂರ್ತಿ ಚಾರ್ಜು. ತುಂಬಲು ಹಿಡಿದದ್ದು ಹನ್ನೊಂದು ನಿಮಿಷ.

ಹನ್ನೊಂದು, ಮಾವ. ರದ್ದಿಯದ್ದಲ್ಲ, ನಿಜವಾದ ಪಟ್ಟಿಯದ್ದು. ಹಾಳೆಗಳು ಅಂಟಿಕೊಂಡಿಲ್ಲ. ನಡುವೆ ಇಡುವ ನಿನ್ನ ರದ್ದಿ ಕಾಗದದ ಉಪಾಯ ಕೆಲಸ ಮಾಡಿದೆ. ಸಮಿತಿಯ ದಿನದವರೆಗೆ ನೂರೆಂಬತ್ತು ಸಲ ತುಂಬಿಸಿ ಖಾಲಿ ಮಾಡಿದೆ, ಮೊದಲು ಹಿಡಿದ ಚಾರ್ಜಿನಲ್ಲಿ ನೂರಕ್ಕೆ ತೊಂಬತ್ತಾರು ಪಾಲು ಉಳಿದಿದೆ.

ದೊಡ್ಡ ಮೇಡಂಗೆ ಮೊದಲೇ ಎಲ್ಲ ಹೇಳಿದೆ. "ನಿನ್ನ ಬಾಯಿಂದ ಹೋದ ಸಂಖ್ಯೆ, ನೀನೇ ವಾಪಸ್ ತಗೋ" ಅಂದರು. ಸಮಿತಿಯ ಕೋಣೆಯಲ್ಲಿ ನಾನು ಎದ್ದು ನಿಂತು, ಮೊದಲ ಮಾತೇ, ಐದು ತಪ್ಪು ಅಂದೆ. ಅಧ್ಯಕ್ಷರು ಕನ್ನಡಕ ತೆಗೆದರು.

"ತಪ್ಪು ಅಂತ ಯಾರು ಕಂಡುಹಿಡಿದಿದ್ದು?"

"ಪಟ್ಟಿ ಬಳಿದವರು, ಸರ್."

"ಅವರೇ ಬಂದು ಹೇಳಿದ್ರಾ? ಯಾರೂ ಕೇಳದೆ?"

"ಕೇಳಬೇಕಾಗಿದ್ದವಳು ನಾನು. ಕೇಳಿರಲಿಲ್ಲ."

ಒಬ್ಬರಂತೂ, "ಇವತ್ತು ಹನ್ನೊಂದು ಅಂತೀರ, ನಾಳೆ ಇಪ್ಪತ್ತು ಅಂತ ಬರ್ತೀರ" ಅಂದರು. ಬಸ್ ಕಂಪನಿಯ ಇಂಜಿನಿಯರಮ್ಮ ಕಾಗದ ತಿರುವಿ ಹಾಕುತ್ತಾ, "ನಾವು ಐದು ಕೇಳೇ ಇಲ್ವಲ್ಲಮ್ಮ. ಕೇಳಿದ್ದು ಹದಿನೈದು. ಹನ್ನೊಂದು ತಂದುಕೊಟ್ಟು ಯಾಕೆ ಅಳು ಮುಖ?" ಅಂದರು.

ಎರಡು ವರ್ಷ ಕೊಟ್ಟಿಲ್ಲ. ಆರು ತಿಂಗಳು ಕೊಟ್ಟಿದ್ದಾರೆ. ಅಷ್ಟರಲ್ಲಿ ಬೇರೆ ಒಂದು ಲ್ಯಾಬಿನವರು, ನನ್ನ ಕೈ ತಾಗದ ಹಾಗೆ, ನಿನ್ನ ಪಟ್ಟಿಗಳಿಂದ ಸೆಲ್ ಮಾಡಿ ಅಳೆಯಬೇಕು. ಅವರಿಗೂ ಹನ್ನೊಂದರ ಆಸುಪಾಸು ಬಂದರೆ ಉಳಿದ ಒಂದೂವರೆ ವರ್ಷವೂ ಸಿಗುತ್ತದೆ. ಆರು ತಿಂಗಳು ನಿನ್ನ ಕೆಲಸಕ್ಕೂ ಸೇರಿ.

ಆದ್ದರಿಂದ ಕೆಲಸ ಬಿಡುವ ಮಾತು ಬೇಡ. ಹದಿನೈದನೆಯದು ಕಳಿಸು. ತೆಳ್ಳಗಿನದನ್ನೂ ಕಳಿಸು, ಎರಡನ್ನೂ ಬೇರೆ ಬೇರೆ ಹೆಸರು ಬರೆದು. ಎರಡು ದಪ್ಪಕ್ಕೂ ಹಿಡಿಯುವ ಹೊತ್ತನ್ನು ಹೋಲಿಸಿದರೆ ಲಿಥಿಯಂ ಎಲ್ಲಿ ನಿಧಾನವಾಗುತ್ತದೆ ಅಂತ ತಿಳಿಯುತ್ತದೆ. ನಿನ್ನ ಮೇಸ್ತ್ರಿಯ ಎಳೆತವನ್ನು ಇನ್ನು ರದ್ದಿ ಅನ್ನಬೇಡ.

ಮತ್ತೆ ಇನ್ನೊಂದು. ಇನ್ನು ಮೇಲೆ ಪ್ರತಿ ಪೆಟ್ಟಿಗೆಯ ಜೊತೆ ನಿನ್ನ ಚಿಂತೆಗಳನ್ನೂ ಬರೆದು ಕಳಿಸು. ಎಲ್ಲವನ್ನೂ. ಈ ಸಲ ನಗುವುದಿಲ್ಲ. ಸ್ವಲ್ಪ ನಗಬಹುದು.

ಪುಟ್ಟಿ


ಏಪ್ರಿಲ್ 6

ಪುಟ್ಟಿಗೆ,

ನಿನ್ನ ಕಾಗದವನ್ನು ಅಕ್ಕನೇ ಓದಿದಳು, ನನ್ನ ಕಣ್ಣು ಸಾಲಿನ ಮೇಲೆ ನಿಲ್ಲಲಿಲ್ಲ. ಈ ಸಲ ಕಿಟಕಿ ತೆಗೆಯಲಿಲ್ಲ. ಓದಿ ಮಡಚಿಟ್ಟು, "ಇಬ್ಬರೂ ಒಂದೇ ಹಿಟ್ಟಿನವರು" ಅಂದಳು. ಆಮೇಲೆ ಎದ್ದು ಹೋಗಿ ಟೀ ಇಟ್ಟಳು.

ಆ ಬೇರೆ ಲ್ಯಾಬಿನ ಬಳಿಯುವವನು ಸೋಮವಾರ ಬಂದಿದ್ದ, ನಾನು ಮಾಡುವುದನ್ನು ನೋಡಲು. ಓದಿದವನು, ಕೈಯಲ್ಲಿ ನೋಟ್‌ಪುಸ್ತಕ. ನಾನು ಮೊದಲ ಎಳೆತ ಎಳೆದಾಗ, "ಇದು ಚೀಟಿಯಲ್ಲಿ ಇಲ್ವಲ್ಲ ಯಜಮಾನ್ರೇ" ಅಂದ. "ಇಲ್ಲ, ಈಗ ಬರ್ಕೊಳಿ" ಅಂದೆ. ಬರೆದುಕೊಂಡ. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಇದೇ ಮೊದಲು. ಮಧ್ಯೆ ಸ್ಟೋರಿನವನು ಏನೋ ಸುದ್ದಿ ಹೊತ್ತು ಬಂದ. ಪಟ್ಟಿ ಕೈಯಲ್ಲಿದ್ದಾಗ ಯಾರೂ ಮಾತಾಡಿಸಬಾರದು ಅಂತ ಅವನನ್ನು ಬಾಗಿಲಲ್ಲೇ ನಿಲ್ಲಿಸಿದೆ. "ಓಹೋ, ದೊಡ್ಡ ಮನುಷ್ಯ ಆಗಿಬಿಟ್ರಿ" ಅಂದ. ಆದೆ ಅಂದೆ.

ಈ ಪೆಟ್ಟಿಗೆಯಲ್ಲಿ ನಾಲ್ಕು ಪಟ್ಟಿ ಇವೆ. ತೆಳ್ಳಗಿನವಕ್ಕೆ ಕೆಂಪು ಬಣ್ಣ, ದಪ್ಪಗಿನವಕ್ಕೆ ಹಸಿರು. ಹಸಿಯಿರುವಾಗಲೇ ಹಚ್ಚಿದ್ದೇನೆ, ಒಣಗಿದ ಮೇಲಲ್ಲ. ಮೂಲೆ ಮಡಚುವುದನ್ನು ಬಿಟ್ಟಿದ್ದೇನೆ. ಬೆರಳುಗಳು ಇನ್ನೂ ಮೂಲೆಯ ಕಡೆಗೇ ಹೋಗುತ್ತವೆ, ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಚಿಂತೆ ಬರೆ ಅಂದೆಯಲ್ಲ, ಬರೆಯುತ್ತೇನೆ. ಹಸಿರಿನ ಎರಡನೆಯದರ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಇದೆ, ಅಲ್ಲಿ ಕತ್ತರಿಸಬೇಡ. ವ್ಯಾನಿನವನು ಪೆಟ್ಟಿಗೆಯನ್ನು ಬಿಸಿಲಲ್ಲಿಟ್ಟು ಊಟಕ್ಕೆ ಹೋಗುತ್ತಾನೆ ಅಂತ ನನಗೆ ಅನುಮಾನ. ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ಅಕ್ಕನಿಗೆ ಅನುಮಾನ, ಅದನ್ನೂ ಬರೆಯಲು ಹೇಳಿದಳು. ಆರು ತಿಂಗಳು ಸಾಲುತ್ತದಾ ಅಂತ ಯೋಚಿಸಿದೆ. ಬೆರಳು ಮಡಚಿ ಎಣಿಸಿದೆ, ವಾರಕ್ಕೆ ಎರಡು ಪಟ್ಟಿಯಂತೆ ಐವತ್ತು ಪಟ್ಟಿಯಾಗುತ್ತದೆ. ಐವತ್ತು ಬಳಿದರೆ ನನ್ನ ಕೈ ಇನ್ನೂ ಪಳಗುತ್ತದೆ. ಇದನ್ನು ಯೋಚಿಸುವಾಗ ಎದೆ ಹೊಡೆದುಕೊಳ್ಳಲಿಲ್ಲ, ಅದೇ ಒಂದು ಆಶ್ಚರ್ಯ.

ಉಳಿದದ್ದು ಒಂದೇ. ಹನ್ನೊಂದು ನಿಮಿಷ ಅಂದೆಯಲ್ಲ. ಆ ಲೆಕ್ಕ ನೀನು ಯಂತ್ರದ ಗುಂಡಿ ಒತ್ತಿದ ಕ್ಷಣದಿಂದ ಶುರುವಾಗುತ್ತದಾ, ಸೆಲ್ಲಿಗೆ ಕರೆಂಟು ಹರಿದ ಕ್ಷಣದಿಂದಲಾ? ನಮ್ಮ ಒಲೆಯ ಗಡಿಯಾರ ಗುಂಡಿ ಒತ್ತಿ ಸ್ವಲ್ಪ ಹೊತ್ತಾದ ಮೇಲೇ ಎಣಿಸಲು ಶುರುಮಾಡುತ್ತದೆ, ಅದಕ್ಕೆ ಕೇಳಿದೆ. ಹನ್ನೆರಡಾದರೂ ಪರವಾಗಿಲ್ಲ, ಅವರು ಕೇಳಿದ್ದು ಹದಿನೈದು. ಆ ಲ್ಯಾಬಿನವರು ಅಳೆಯುವ ಮುಂಚೆ ನೀನೇ ಇನ್ನೊಂದು ಸಲ ನೋಡು.

ನಿನ್ನ ಮಾವ